ಕಿವಿಯಿಲ್ಲದ ಆನೆ

ದೇವರ ಕೋಣೆಯ ಕಪಾಟಿನ ಬಾಗಿಲು ಹಾರುಹೊಡೆದಿತ್ತು. ಒಳಗಿದ್ದ ತಗಡಿನ ಪೆಟ್ಟಿಗೆ ಖಾಲಿ.

"ನಮ್ಮ ಅತ್ತಿಯವರ ಕಾಲದ ನಮೂನಿ ರಿ. ನಿಜಾಮರ ರಾಜ್ಯ ಇದ್ದಾಗ ಹೈದರಾಬಾದಿನಿಂದ ತಂದಿದ್ರು. ಆನಿ, ಮೊಲ, ಮದುಮಗಳು, ಎಲ್ಲಾ ಹೋದ್ವು" ಎಂದು ಸರಸ್ವತೀಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಎ.ಎಸ್.ಐ. ಹಣಮಮ್ಮ ಪೆಟ್ಟಿಗೆಯನ್ನು ತಿರುಗಿಸಿ ನೋಡಿದಳು. ಕಮಲಾಪುರ ಠಾಣೆಗೆ ಬಂದ ಮೇಲೆ ಅವಳು ಬೈಕ್ ಕಳವು ಕಂಡಿದ್ದಳು, ಎಮ್ಮೆ ಕಳವು ಕಂಡಿದ್ದಳು. ಬಟ್ಟೆಯ ಗೊಂಬೆ ಕತ್ತರಿಸುವ ಕಾಗದದ ನಮೂನೆಗಳು ಕಳುವಾದದ್ದು ಇದೇ ಮೊದಲು. ಆದರೆ ಸರಸ್ವತೀಬಾಯಿಯ ಗೊಂಬೆ ಹಿಡಿಯದೆ ಬೆಳೆದ ಮಗು ಊರಲ್ಲಿ ಕಡಿಮೆ.

"ಅವು ಇಲ್ದಿದ್ರ ನನಗ ಕೈನೇ ಇಲ್ಲ ರಿ. ಒಂದು ಗೊಂಬಿನೂ ಕತ್ತರಿಸಾಕ ಬರಂಗಿಲ್ಲ."

"ಯಾರ ಮ್ಯಾಲ ಸಂಶಯ?"

"ಕಾವೇರಿ ಮ್ಯಾಲ" ಎಂದ ಮಗ ಸುಜಯೀಂದ್ರ, ತಡಮಾಡದೆ. "ನಮ್ಮಲ್ಲಿ ಹೊಲಿಯೋ ಹುಡುಗಿ. ಮಹಾಗಾಂವದಾಕಿ. ಅಕಿ ಚೀಲದಾಗ ಇದೊಂದು ಸಿಕ್ಕದ ನೋಡ್ರಿ."

ಹಳದಿ ತಿರುಗಿದ ಕಾಗದ. ಆನೆಯ ಕಿವಿ. ಹಣಮಮ್ಮ ಅದನ್ನು ಪಡೆದು ಜೋಪಾನವಾಗಿ ಫೈಲಿನಲ್ಲಿಟ್ಟಳು.

"ಅಕಿ ಈ ಕೋಣಿಯೊಳಗ ಬರತಿದ್ಲೇನ್ರಿ?"

"ಛೇ, ದೇವರ ಕೋಣಿ ರಿ! ಅಕಿ ಕೂಡೋದು ಹೊರಗಿನ ಕಟ್ಟಿ ಮ್ಯಾಲ. ನೀರಿನ ಗ್ಲಾಸೂ ಬ್ಯಾರೆ..." ಸರಸ್ವತೀಬಾಯಿ ಮಾತು ತಡೆದರು. "ನಿನ್ನೆ ನಾ ಜಳಕಕ್ಕ ಹೋದಾಗ ನುಗ್ಗಿರಬೇಕು."

ಕೂಲಿಗೆ ಬಂದವಳು ಹೊಸ್ತಿಲು ದಾಟುವಂತಿಲ್ಲ, ಕದಿಯಲು ಮಾತ್ರ ದಾಟಬಹುದು!

* * *

ಮಹಾಗಾಂವದಲ್ಲಿ ಕಾವೇರಿಯದು ಒಂದೇ ಖೋಲಿಯ ಮನೆ. ಗೋಡೆಯ ಮೇಲೆ ಬುದ್ಧನ ಫೋಟೋ. ಅದರ ಕೆಳಗೆ ಹೊಲಿಗೆ ಯಂತ್ರ, ಪಕ್ಕದಲ್ಲಿ ಸಾಲಾಗಿ ಬಟ್ಟೆಯ ಆನೆಗಳು. ಹುಡುಗಿಯೇ ಕಳ್ಳಿಯೋ ಏನೋ ಎಂದು ಹಣಮಮ್ಮನಿಗೆ ಅನಿಸಿತು.

"ಇವ್ನ ಹ್ಯಾಂಗ ಮಾಡಿದಿ, ತಂಗಿ?"

"ಅಮ್ಮಾರು ಹರಿದ ಆನಿ ಒಂದು ತಿಪ್ಪಿಗಿ ಒಗೆದಿದ್ರು ಮೇಡಂ. ತಂದು ಹೊಲಿಗಿ ಬಿಚ್ಚಿದೆ. ಬಟ್ಟಿ ತುಂಡು ಪೇಪರ್ ಮ್ಯಾಲಿಟ್ಟು ಗೆರಿ ಎಳಕೊಂಡೆ." ಕಾವೇರಿ ವೃತ್ತಪತ್ರಿಕೆಯಲ್ಲಿ ಕತ್ತರಿಸಿದ ತುಂಡುಗಳನ್ನು ಮುಂದಿಟ್ಟಳು.

ಹಣಮಮ್ಮ ಹಳೆಯ ಕಿವಿಯನ್ನು ಹೊಸ ಕಿವಿಯ ಮೇಲಿಟ್ಟಳು. ಕಾವೇರಿಯದು ಸುತ್ತಲೂ ಕಾಲಿಂಚು ದೊಡ್ಡದು.

"ಯಾಕ ಹಿಂಗ?"

ಕಾವೇರಿ ಬಾಗಿ ನೋಡಿದಳು. "ಹೊಲಿಗಿಗಿ ಬಿಡೋ ಮಾರ್ಜಿನ್ ರಿ. ಹಳೇದ್ರಾಗ ಅದು ಇಲ್ಲೇ ಇಲ್ಲ! ಅಮ್ಮಾರು ಕತ್ತರಿಸುವಾಗ ಬಿಡತಿದ್ರೇನೋ. ನನಗ ಕತ್ತರಿಸಿದ ಬಟ್ಟಿ ಅಷ್ಟೇ ಕೊಡತಿದ್ರು. ಈ ಕಾಗದ ನಾ ಇವತ್ತೇ ನೋಡಾಕತ್ತೀನಿ."

ಅವಳ ಕಣ್ಣು ತುಂಬಿತು. "ಸ್ಟೇಶನ್ ಬಜಾರದಾಗ ಗುಲಾಮ್ ರಸೂಲ್ ಚಾಚಾ ನನ್ನ ಗೊಂಬಿಗಿ ಅಂಗಡ್ಯಾಗ ಜಾಗ ಕೊಟ್ಟಿದ್ರು. ನನ್ನ ಹೆಸರಿನ ಬೋರ್ಡೂ ಬರಿಸಿದ್ದೆ. ಕಳ್ಳಿ ಅಂತ ಕೇಳಿ ಬ್ಯಾಡ ಅಂದ್ರು. ಅಷ್ಟೇ ಇತ್ತು ನಂದು ಮೇಡಂ."

* * *

ಮರುದಿನ ಕಲಬುರಗಿಯ ಸ್ಟೇಶನ್ ಬಜಾರ. ಗುಲಾಮ್ ರಸೂಲ್ ಬಟ್ಟೆಯ ಥಾನು ಸುತ್ತುತ್ತಿದ್ದ.

"ಕಾವೇರಿ ನಿಮಗ ಹಳೇ ಕಾಗದ ಏನರ ಮಾರಿದ್ಲೇನು?"

"ಖುದಾ ಕಸಮ್, ಇಲ್ರಿ. ಛೋಕ್ರಿ ಒಳ್ಳೇಕಿ. ಮಗರ್ ಪೊಲೀಸ್ ಲಫಡಾ ನಮಗ ಬ್ಯಾಡ."

ಹಣಮಮ್ಮ ಸುಮ್ಮನೆ ಥಾನಿನ ಮೇಲೆ ಕೈಯಾಡಿಸಿದಳು. ರಕ್ತಗೆಂಪು ಮಖಮಲ್.

"ಸೂರತ್ ಮಾಲ್ ಮೇಡಂ. ನಿನ್ನೆ ಮುಂಜಾನೆ ಬಂತು. ಬೋಣಿ ಮಾಡಿದಾಂವ ನಿಮ್ಮ ಕಮಲಾಪುರದ ಸುಜಯೀಂದ್ರ. ಒಂದು ಮೀಟರ್ ಒಯ್ದ. ಕಳುವಿನ ಸುದ್ದಿನೂ ಅವನೇ ಹೇಳಿದ."

ಗೊಂಬೆ ಕತ್ತರಿಸಲು ಕೈಯೇ ಇಲ್ಲದವರ ಮನೆಗೆ ಮಖಮಲ್ ಯಾಕೆ? ಹಣಮಮ್ಮ ಜೀಪು ತಿರುಗಿಸಿದಳು. ದಾರಿಯಲ್ಲಿ ಕಾವೇರಿಯನ್ನೂ ಹತ್ತಿಸಿಕೊಂಡಳು.

* * *

ಸರಸ್ವತೀಬಾಯಿಯ ಮನೆ ಮುಂದೆ ಕಾವೇರಿ ಅಂಗಳದಲ್ಲೇ ನಿಂತಳು. ಹಣಮಮ್ಮ ನೇರ ಪಡಸಾಲೆಗೆ ನಡೆದು, ಹೊಲಿಗೆ ಯಂತ್ರದ ಮೇಲೆ ಹೊದಿಸಿದ್ದ ಹಳೇ ಪಂಚೆ ಎತ್ತಿದಳು.

ಕೆಂಪು ಮಖಮಲ್ಲಿನ ತುಂಡುಗಳು. ಹೊಟ್ಟೆ, ಸೊಂಡಿಲು, ಕಾಲು. ಮಗುಚಿ ನೋಡಿದರೆ ಪ್ರತಿಯೊಂದರ ಹಿಂದೆ ಸೀಮೆಸುಣ್ಣದ ಸ್ವಚ್ಛ ಗೆರೆ. ಗೆರೆಯಿಂದ ಕಾಲಿಂಚು ಆಚೆ ಕತ್ತರಿ ಆಡಿತ್ತು.

"ಅಮ್ಮಾರ, ನಮೂನಿ ಕಳುವಾದ ಮ್ಯಾಲೆ ಬಂದ ಬಟ್ಟಿ ಇದು. ಏನಿಟ್ಟು ಗೆರಿ ಎಳೆದ್ರಿ?"

"ಅದು... ಅಂದಾಜಿನ ಮ್ಯಾಲ..."

"ಎಲ್ಲಾ ಅಂದಾಜಿನ ಮ್ಯಾಲ ಬಂತು. ಕಿವಿ ಯಾಕ ಬರಲಿಲ್ಲ?" ಹಣಮಮ್ಮ ಫೈಲಿನಿಂದ ಹಳದಿ ಕಾಗದ ತೆಗೆದಳು. "ಯಾಕಂದ್ರ ಕಿವಿ ನನ್ನ ಹತ್ರ ಅದ. ಉಳಿದದ್ದೆಲ್ಲ ನಿಮ್ಮ ಹತ್ರ ಅದ. ಕಾವೇರಿಗೆ ಈ ಕಾಗದ ಬೇಕೇ ಇದ್ದಿಲ್ಲ. ಅಕಿ ನಮೂನಿ ಬಿಚ್ಚಿದ ಬಟ್ಟಿಯಿಂದ ತೆಗೆದದ್ದು, ಮಾರ್ಜಿನ್ ಕೂಡ್ಕೊಂಡೇ ಅದ. ಇದರಿಂದ ತೆಗೆದದ್ದಲ್ಲ. ಕಿವಿ ಅಕಿ ಚೀಲದಾಗ ಇಟ್ಟವರು ನೀವೇ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಸುಜಯೀಂದ್ರ ಮಂಚದತ್ತ ಕಣ್ಣು ಹಾಯಿಸಿದ. ಹಣಮಮ್ಮ ಎತ್ತಿದ ಗಾದಿಯ ಕೆಳಗೆ ನಮೂನೆಗಳೆಲ್ಲ ಇದ್ದವು. ಒಂದೂ ಮುದುಡಿರಲಿಲ್ಲ.

ಸರಸ್ವತೀಬಾಯಿ ಕುಸಿದು ಕೂತರು. "ತೊಟ್ಟಿಲ ಶಾಸ್ತ್ರಕ್ಕ ಆನಿ ಕೊಡತೀನಂತ ಒಪ್ಪಿಕೊಂಡಿದ್ದೆ. ಮಾತು ತಪ್ಪಬಾರದಂತ ಕತ್ತರಿಸಿದೆ." ಆಮೇಲೆ ದನಿ ಗಡುಸಾಯಿತು. "ನಮ್ಮ ಕಟ್ಟಿ ಮ್ಯಾಲ ಕೂತು ಕಲಿತಾಕಿ, ನಮ್ಮ ಮನಿ ಆನಿಗಿ ತನ್ನ ಹೆಸರಿನ ಬೋರ್ಡ್ ಹಾಕತಾಳಂದ್ರ ಹ್ಯಾಂಗ ತಡಕೊಳ್ಳಲಿ?"

ಅಳುವಿನಲ್ಲಿ ಪಶ್ಚಾತ್ತಾಪ ಇರಲಿಲ್ಲ. ಸಿಕ್ಕಿಬಿದ್ದ ಸಂಕಟ ಇತ್ತು. ಹಣಮಮ್ಮನಿಗೆ ಹೇಸಿಗೆಯಾಯಿತು.

"ಆಗಿದ್ದು ಆಯ್ತು ಮೇಡಂ" ಎಂದ ಸುಜಯೀಂದ್ರ. "ಕಂಪ್ಲೇಂಟ್ ವಾಪಸ್ ತಗೋತೀವಿ. ಕಾವೇರಿ, ನಾಳಿಂದ ಕೆಲಸಕ್ಕ ಬಾ."

ಕಾವೇರಿ ಅಂಗಳದಿಂದಲೇ ಮಾತಾಡಿದಳು. "ಕೆಲಸ ಬ್ಯಾಡ್ರಿ. ಅಮ್ಮಾರು ಸ್ಟೇಶನ್ ಬಜಾರಕ್ಕ ಬಂದು, ಚಾಚಾನ ಮುಂದ ಒಂದೇ ಮಾತು ಹೇಳಲಿ. ಕಾವೇರಿ ಕದ್ದಿಲ್ಲ ಅಂತ. ಸಾಕು."

"ಬಜಾರದಾಗ ನಿಂತು ನಾ ಹೇಳಬೇಕಾ? ನಮ್ಮ ಮನಿತನದ ಮರ್ಯಾದಿ ಏನಾಗಬೇಕು?"

ಕಾವೇರಿ ಅವರ ಮುಖವನ್ನೇ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು ಮೆಟ್ಟಿಲೇರಿ, ಪಡಸಾಲೆ ದಾಟಿ ಹಣಮಮ್ಮನ ಪಕ್ಕ ಬಂದು ನಿಂತಳು.

"ಹಂಗಾರ ನನ್ನ ಕಂಪ್ಲೇಂಟ್ ತಗೋರಿ ಮೇಡಂ" ಎಂದಳು. "ಇಲ್ಲೇ, ಇವರ ಮುಂದೇ ಹೇಳತೀನಿ."