ಕೆನ್ನೆ ತಾಗದ ರೈಫಲ್

ರೈಫಲಿನ ಬಾಯಿ ನನ್ನ ಎದೆಯಿಂದ ನಾಲ್ಕೇ ಅಡಿ ದೂರದಲ್ಲಿತ್ತು.

ಹಿಡಿದಿದ್ದವನು ಹಾರ್ಲನ್. ಅದನ್ನು ಮಾರಬೇಕಿದ್ದವನೂ ಅವನೇ. ಬೆಳಗಿನ ಹತ್ತು ಗಂಟೆ, ಅವನ ಮನೆಯ ಹಿಂದಿನ ಶೆಡ್ಡು. ನಮ್ಮಿಬ್ಬರ ನಡುವಿನ ಬೆಂಚಿನ ಮೇಲೆ ಹನ್ನೊಂದು ರೈಫಲುಗಳು. ಇನ್ನೊಂದು ಅವನ ಕೈಯಲ್ಲಿ.

"ಆ ಗೇಜ್ ಕೆಳಗಿಡಿ ಸಾರ್ಜೆಂಟ್," ಅಂದ. "ನೋಡಿದ್ದು ಸಾಕು."

ಸಾಕಾಗಿತ್ತು. ಏನು ನೋಡಿದೆನೆಂದು ಕೇಳಿ.

ಇಂಗ್ಲೆಂಡಿನ ಸೈನ್ಯ ಬೇಡವೆಂದು ಹರಾಜು ಹಾಕಿದ ತ್ರೀ-ನಾಟ್-ತ್ರೀಗಳು ಅವು. ನಮ್ಮ ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಗೆ ಅಂಥವನ್ನು ಕೊಳ್ಳುವವರು ಬಹಳ. ನನ್ನ ತಮ್ಮ ಕ್ಲೈಡ್ ಹಾರ್ಲನ್‌ನಿಂದಲೇ ಒಂದನ್ನು ಕೊಂಡ. ಹೋದ ನವೆಂಬರ್, ಬೇಟೆಯ ಮೊದಲ ದಿನ, ಕೆನ್ನೆಗೊತ್ತಿ ಹಾರಿಸಿದ.

ಗುಂಡು ಮುಂದೆ ಹೋಯಿತು. ಬೆಂಕಿ ಹಿಂದೆ ಬಂತು.

ಬಲಗಣ್ಣು ಹೋಯಿತು.

ಹಾರ್ಲನ್ ಆಸ್ಪತ್ರೆಗೆ ಹೂವು ತಂದ. ಕ್ಲೈಡ್ ಮನೆಯಲ್ಲಿ ತಾನೇ ತುಂಬಿಸಿಕೊಂಡ ತೋಟಾಗಳಲ್ಲಿ ಮದ್ದು ಹೆಚ್ಚಾಗಿತ್ತು ಎಂದು ಊರಿಗೆಲ್ಲ ಹೇಳಿದ. ಊರು ನಂಬಿತು. ಕೊನೆಗೆ ಕ್ಲೈಡ್ ಕೂಡ ನಂಬಿಬಿಟ್ಟ...

ನಾನು ನಂಬಲಿಲ್ಲ. ಸೈನ್ಯದಲ್ಲಿ ಹತ್ತೊಂಬತ್ತು ವರ್ಷ ರೈಫಲ್ ರಿಪೇರಿ ಮಾಡಿದವನು ನಾನು. ಹಾರ್ಲನ್ ಆಗ ನನ್ನ ಕೈಕೆಳಗಿದ್ದ. ಅವನಿಗೆ ಕೆಲಸ ಕಲಿಸಿದವನೇ ನಾನು. ನಾಳೆ ಗನ್ ಶೋ ಎಂಬ ಬಂದೂಕು ಸಂತೆಯಲ್ಲಿ ಇನ್ನೂ ಹನ್ನೆರಡನ್ನು ಮಾರಲಿದ್ದಾನೆ ಎಂಬ ಸುದ್ದಿ ಬಂತು. ಅಂದರೆ ಇನ್ನೂ ಹನ್ನೆರಡು ಮುಖಗಳು. ಕೊಳ್ಳುವವನ ಹಾಗೆ ಹೋದೆ.

ನಳಿಕೆಯೊಳಗೆ ಬೆಳಕು ಬಿಟ್ಟೆ. ಕನ್ನಡಿಯ ಹಾಗೆ ಹೊಳೆಯಿತು. ಹಿಡಿಯ ಮರಕ್ಕೆ ಹೊಸ ಎಣ್ಣೆ. ಮೋಸ ಹೋಗುವವರು ಇಲ್ಲೇ ಹೋಗುತ್ತಾರೆ. ತೋಟಾವನ್ನು ಒಳತಳ್ಳಿ ನಳಿಕೆಯ ಹಿಂಬದಿ ಮುಚ್ಚುವ ಬೋಲ್ಟಿನ ಪಕ್ಕದ ಉಕ್ಕನ್ನು ಹೆಬ್ಬೆರಳಿನಿಂದ ಸವರಿದೆ. ಸಣ್ಣದೊಂದು ತಗ್ಗು. ಕಣ್ಣಿಗೆ ಕಾಣದು, ಬೆರಳಿಗೆ ಸಿಗುತ್ತದೆ.

ಸವೆದ ರೈಫಲಿಗೆ ಸೈನ್ಯ 'ಕವಾಯತಿಗೆ ಮಾತ್ರ' ಎಂಬ ಅಚ್ಚು ಒತ್ತುವುದು ಅಲ್ಲೇ. ಹೆಗಲ ಮೇಲಿಟ್ಟು ನಡೆಯಲು ಸರಿ, ಹಾರಿಸಲು ಅಲ್ಲ. ಆ ಅಚ್ಚನ್ನು ಹಾರ್ಲನ್ ಅರ ಹಾಕಿ ಉಜ್ಜಿದ್ದ.

ಗೇಜ್ ಹಾಕಿದೆ. ತೋಟಾದ ಆಕಾರದ ಉಕ್ಕಿನ ತುಂಡು. ರೈಫಲ್ ಗಟ್ಟಿಯಿದ್ದರೆ ಅದರ ಮೇಲೆ ಬೋಲ್ಟ್ ಮುಚ್ಚಬಾರದು; ಮುಚ್ಚಿದರೆ ಒಳಗೆ ಸಂದಿಯಿದೆ, ಬೆಂಕಿ ಹಿಂದೆ ಬರುವುದು ಅಲ್ಲಿಂದಲೇ. ಇದರಲ್ಲಿ ಅಡುಗೆಮನೆಯ ಡ್ರಾಯರಿನ ಹಾಗೆ ಮುಚ್ಚಿಕೊಂಡಿತು.

ಏಳು ನೋಡಿದೆ. ಏಳರಲ್ಲೂ ತಗ್ಗು. ಆದರೆ ಬೋಲ್ಟ್ ಮುಚ್ಚಿದ್ದು ನಾಲ್ಕರಲ್ಲಿ ಮಾತ್ರ. ಕೆಟ್ಟವು ಎದ್ದು ಕಾಣಬಾರದೆಂದು ಒಳ್ಳೆಯವನ್ನೂ ಹಾಗೇ ಉಜ್ಜಿ, ಎಲ್ಲಕ್ಕೂ ಒಂದೇ ಕಪ್ಪು ಬಣ್ಣ ಬಳಿದಿದ್ದ! ಈಗ ಯಾವುದು ಯಾವುದೆಂದು ಅವನಿಗೂ ಗೊತ್ತಾಗುವಂತಿರಲಿಲ್ಲ. ಎಂಟನೆಯದಕ್ಕೆ ಕೈ ಚಾಚಿದೆ. ಅಷ್ಟರಲ್ಲಿ ಅದನ್ನು ಅವನೇ ಎತ್ತಿಕೊಂಡು ತೋಟಾ ತುರುಕಿದ.

"ಯಾವುದನ್ನ ಎತ್ಕೊಂಡಿದೀಯ ಹಾರ್ಲನ್?"

"ನಿಮಗೆ ಯಾವುದಾದ್ರೇನು?"

"ನನಗೇನಿಲ್ಲಪ್ಪ. ಕೆನ್ನೆ ನಿಂದು."

ಬಾಗಿಲಲ್ಲಿ ಅವನ ಹೆಂಡತಿ ಮಾರ್ಜ್ ಕಾಣಿಸಿದಳು, ಕೈಯಲ್ಲಿ ಎರಡು ಕಪ್ ಕಾಫಿ. ಒಳಗೆ ಹೋಗು ಎಂದು ಹಾರ್ಲನ್ ಗದರಿದ. ಅವಳು ಕದಲಲಿಲ್ಲ. ಕ್ಲೈಡ್‌ನ ಹಾಸಿಗೆಯ ಪಕ್ಕ ಮೂರು ದಿನ ಕೂತು ಬೈಬಲಿನ ಕೀರ್ತನೆ ಓದಿದವಳು ಅವಳು.

"ಗುರಿ ಇಡು," ಅಂದೆ. "ಕ್ಲೈಡ್‌ಗೆ ತೋರಿಸಿಕೊಟ್ಟೆಯಲ್ಲ, ಹಾಗೆ. ಕೆನ್ನೆ ಒತ್ತು."

ರೈಫಲ್ ಹೆಗಲಿಗೆ ಏರಿತು. ಅವನ ಮುಖ ಹಿಡಿಯ ಮರದ ಕಡೆ ಬಾಗಿತು... ಬಾಗಿತು... ಒಂದು ಬೆರಳಿನಷ್ಟು ದೂರದಲ್ಲಿ ನಿಂತುಬಿಟ್ಟಿತು. ಹಣೆಯ ಬೆವರು ಹುಬ್ಬಿಗೆ ಇಳಿಯಿತು.



ಅವನು ರೈಫಲನ್ನು ಮೈಯಿಂದ ದೂರ ಚಾಚಿ, ಮುಖ ಆಚೆ ತಿರುಗಿಸಿ, ಕಣ್ಣು ಮುಚ್ಚಿದ. ಬೆರಳು ಟ್ರಿಗರಿನ ಮೇಲೇ ಇತ್ತು. ಒತ್ತಲಿಲ್ಲ.

"ನಿಂಗೆ ಗೊತ್ತಿತ್ತು," ಅಂದಳು ಮಾರ್ಜ್.

ಅಷ್ಟೇ. ಕಾಫಿ ಕಪ್‌ಗಳನ್ನು ಬೆಂಚಿನ ಮೇಲಿಟ್ಟು, ಗೋಡೆಯ ಫೋನ್ ತೆಗೆದುಕೊಂಡು ಶೆರಿಫ್‌ಗೆ ಕರೆ ಮಾಡಿದಳು.

ಹಾರ್ಲನ್ ಬೋಲ್ಟ್ ಎಳೆದ. ತೋಟಾ ನೆಲಕ್ಕೆ ಬಿತ್ತು. "ಒಂದೊಂದೂ ಅಳೆದಿದ್ರೆ ಅರ್ಧ ಎಸೀಬೇಕಾಗಿತ್ತು ಸಾರ್ಜೆಂಟ್," ಅಂದ. "ಅದಕ್ಕೇ ಅಳೀಲಿಲ್ಲ."

"ಕಣ್ಣು ಕೊಟ್ಟು ಕ್ಲೈಡ್ ಅಳೆದ," ಅಂದೆ.

ಶೆರಿಫ್ ಬಂದು ಹನ್ನೆರಡನ್ನೂ ವಶಕ್ಕೆ ಪಡೆದು ಚೀಟಿ ಕಟ್ಟಿಸಿದ. ಗನ್ ಶೋಗೆ ಒಂದೂ ಹೋಗಲಿಲ್ಲ. ಕ್ಲೈಡ್‌ನ ಕಣ್ಣೂ ವಾಪಸ್ಸು ಬರಲಿಲ್ಲ.

ಹೊರಡುವ ಮುಂಚೆ, ನನಗೆ ಗುರಿಯಿಟ್ಟ ಆ ಎಂಟನೆಯದಕ್ಕೆ ಶೆರಿಫ್‌ನ ಎದುರೇ ಗೇಜ್ ಹಾಕಿದೆ. ಬೋಲ್ಟ್ ಮುಚ್ಚಲಿಲ್ಲ. ಮತ್ತೆ ಹಾಕಿದೆ. ಮುಚ್ಚಲಿಲ್ಲ. ಕಲ್ಲಿನ ಹಾಗೆ ಗಟ್ಟಿ! ನಾನು ಕೈಯಲ್ಲಿ ಹಿಡಿದ ಎಂಟರಲ್ಲಿ ಅದೇ ಎಲ್ಲಕ್ಕಿಂತ ಒಳ್ಳೆಯದು.

ಹಾರ್ಲನ್‌ಗೆ ಅಳೆದು ನೋಡುವ ಕೆಲಸವನ್ನು ಇನ್ನಷ್ಟು ಚೆನ್ನಾಗಿ ಕಲಿಸಿದ್ದರೆ, ಇದನ್ನು ಹೇಳಲು ನಾನಿರುತ್ತಿರಲಿಲ್ಲ.