ಉಮಾಬಾಯಿಯ ಮದುವೆಯ ಸ್ಪೂಲು

ಏಳು ವರ್ಷ ಯಾರ ಮುಖ ನೋಡಬಾರದೆಂದು ಹರಿ ಹಟ ಹಿಡಿದಿದ್ದನೋ, ಆ ನರ್ಮದಾ ಇವತ್ತು ಅಫಜಲಪುರದ ಅವನ ಕ್ಯಾಸೆಟ್ ಅಂಗಡಿಯ ಮುಂದೆ ಹುಬ್ಬು ಹಾರಿಸಿಕೊಂಡು ನಿಂತಿದ್ದಳು. ಕೈಯಲ್ಲಿ ಹಳೆಯ ಟೇಪಿನ ಸ್ಪೂಲು.

“ನಮ್ಮ ಉಮಕ್ಕನ ಮದುವಿ ಟೇಪ್ರಿ ಇದು. ಇದನ್ನ ಹಚ್ಚಾಕ ಈಗ ಯಾರ ಮನ್ಯಾಗೂ ಮಷಿನ್ ಇಲ್ಲ. ಕ್ಯಾಸೆಟ್ಟಿಗಿ ಇಳಿಸಿ ಕೊಡ್ತೀರೇನು?”

“ಗುಲಬರ್ಗಾದಾಗ ದೊಡ್ಡ ಅಂಗಡಿ ಅದಾವಲ್ರಿ.”

“ಅದಾವ. ಆದ್ರ ಇದನ್ನ ತುಂಬಿದವರು ನೀವ ಅಲ್ಲೇನು?”

ಹೌದು, ಏಳು ವರ್ಷದ ಹಿಂದೆ ಟೇಪು ಮಾಡಿದವನು ಅವನೇ. ಅತನೂರಿನ ಆ ಮದುವೆಯಲ್ಲಿ ಹರಿಯ ಗೆಳೆಯ ವ್ಯಂಕಟೇಶನೇ ವರ. ಊಟವಾದ ಮೇಲೆ ಹೆಂಗಸರೆಲ್ಲ ಪ್ರಾಸದ ಒಡಪು ಕಟ್ಟಿ ಗಂಡಂದಿರ ಹೆಸರು ಹೇಳುತ್ತಿದ್ದರು. ಮದುವೆಯಾಗದ ನರ್ಮದಾಳನ್ನೂ ಬಿಡಲಿಲ್ಲ. ಮನಸ್ಸಿನಲ್ಲಿರುವವನ ಹೆಸರು ಹೇಳು ಎಂದು ಕಾಡಿದರು. ಅವಳು ಮೈಕ್ ಹಿಡಿದು ಕೂತ ಹರಿಯತ್ತ ನೋಡಿ, ಇಂಥವನನ್ನ ಯಾರು ಮಾಡ್ಕೋತಾರ ಎಂದಳು. ಚಪ್ಪರವೆಲ್ಲ ನಕ್ಕಿತು. ಆ ನಗು ಅವನ ಕಿವಿಯಲ್ಲಿ ಇನ್ನೂ ಇತ್ತು. ಆಮೇಲೆ ಬಂದ ಹೆಣ್ಣುಗಳನ್ನೆಲ್ಲ ಒಲ್ಲೆನೆಂದದ್ದು ಅದೇ ಉರಿಯಲ್ಲಿ.

“ಲಗೂನ ಬೇಕ್ರಿ. ಐತವಾರ ನನ್ನ ನೋಡಾಕ ಯಡ್ರಾಮಿಯಿಂದ ಗಂಡಿನವರು ಬರ್ತಾರ. ಹೂಂ ಅನ್ನು ಅಂತ ಅವ್ವ ಬೆನ್ನು ಹತ್ಯಾಳ.”

ಹರಿ ತನ್ನ ಹಳೆಯ ಮಷಿನ್ನಿಗೆ ಸ್ಪೂಲು ಹಚ್ಚಿದ. ಕೇಳಲಿ, ತಾನಂದದ್ದು ತಾನೇ ಕೇಳಲಿ ಎಂದುಕೊಂಡ. ಕರಕರ ಸದ್ದು, ಬಳೆಗಳ ಸದ್ದು, ಆಮೇಲೆ ಅವಳ ಎಳೆ ದನಿ:

“ತೊಗರಿ ಹೂವಿಗಿ ಹಳದಿ ಬಣ್ಣ, ಹರಿಯವರ ಹೆಸರ ಹೇಳತೇನಿ ತೆರೆದು ಕಣ್ಣ.”

ಅದರ ಬೆನ್ನಿಗೇ ಒಂದು ಗಂಡುದನಿ: “ಅಯ್ಯ, ಇಂಥ ಬಾಯಿಬಡಕಿನ್ನ ಯಾರು ಮಾಡ್ಕೋತಾರ?”

ಚಪ್ಪರ ನಕ್ಕಿತು. ಅದೇ ನಗು.

ಹರಿ ಮಷಿನ್ನಿನತ್ತ ಬಗ್ಗಿದ. ಆ ದನಿ ಅವನದು. ನಾಲ್ಕು ಜನರ ಮುಂದೆ ನಾಚಿಕೊಂಡು ತಾನೇ ಅಂದ ಮಾತನ್ನು ಯಾವಾಗ ಅವಳ ಬಾಯಿಗೆ ಹಾಕಿದ್ದನೋ ಅವನಿಗೇ ತಿಳಿಯದು. ಟೇಪು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದ. ಬದಲಾಗಲಿಲ್ಲ. ಹೊಡೆದವನೇ ಏಳು ವರ್ಷ ಅತ್ತಂತಾಗಿತ್ತು.

“ನನಗ… ಈ ಮಾತು ನೀ ಅಂದಿದ್ದಿ ಅಂತನ ನೆನಪದ,” ಎಂದ.

ನರ್ಮದಾ ಬೆಚ್ಚಿ ಅವನನ್ನು ನೋಡಿದಳು. “ನಾನು ಅಂದಿದ್ದೆ ಅಂತೇನು? ನೀವು ಸೊಕ್ಕಿಗಿ ನಮ್ಮ ಕಡೆ ಬರಲಿಲ್ಲ ಅಂತ ತಿಳಿದಿದ್ದೆ ನಾ.” ಕಣ್ಣು ತುಂಬಿದವು. “ಹೂಂ ಅನ್ನೋಕಿಂತ ಮೊದಲು ಒಮ್ಮೆ ನಿಮ್ಮ ಮಾರಿ ನೋಡಬೇಕಂತ ಬಂದೆ. ಸ್ಪೂಲು ಒಂದು ನೆವ. ನೀವಂದ ಆ ಮಾತೊಂದು ಅಳಿಸಿಬಿಡ್ರಿ.”

“ಬ್ಯಾಡ. ಅಳಿಸಿದರ ನಾಳೆ ಮತ್ತ ನಿನ್ನ ಮ್ಯಾಲೇ ಹಾಕ್ತೇನಿ. ನನ್ನ ನೆನಪಿನ ಮ್ಯಾಲೆ ನನಗ ಭರೋಸಾ ಉಳಿದಿಲ್ಲ.” ಅವನು ಮಷಿನ್ ಆರಿಸಿದ. “ಬೇಕಾಗಿದ್ದಿ ನೀನು, ನರ್ಮದಾ. ಆವತ್ತೂ, ಈಗೂ. ಐತವಾರ ನಿಮ್ಮ ಅವ್ವನ ಮುಂದ ಬಂದು ನಿನ್ನ ಕೇಳಲೇನು?”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮೆಟ್ಟಿಲಿಳಿದಳು. ರಸ್ತೆಗೆ ಹೋದವಳು ತಿರುಗಿದಳು.

“ಯಡ್ರಾಮಿಯವರು ಮುಂಜಾನಿ ಬಸ್ಸಿಗೇ ಬರ್ತಾರ. ನೀವು ಶನಿವಾರನ ಬರ್ರಿ.”