ಹನ್ನೆರಡು ಭಾನುವಾರದ ಅರ್ಜಿ

ಕಲ್ಲು ಇಳಿಸಿದ್ದೇ ತಪ್ಪು ಜಾಗದಲ್ಲಿ.

ನೇರಳಗುಡ್ಡೆ ಕಾಲನಿಯ ಸಭಾಭವನಕ್ಕೆಂದು ಬಂದ ಇನ್ನೂರು ಕೆಂಪುಕಲ್ಲು ಒಂಬತ್ತನೇ ನಂಬರಿನ ಮನೆಯ ಗೇಟಿಗೆ ಅಡ್ಡ ಬಿದ್ದಿತ್ತು. ಹಾಲಿನ ಸೊಸೈಟಿಯ ಬೆಳಗಿನ ಕೆಲಸ ಮುಗಿಸಿ ಸ್ಕೂಟರಿನಲ್ಲಿ ಬಂದ ಭವಿತಾ ತನ್ನ ಮನೆಗೆ ತಾನೇ ಹೋಗಲಾಗದೆ ಹಾರ್ನ್ ಒತ್ತಿದಳು.

"ಇದು ಯಾರ ಕೆಲಸ?"

"ನನ್ನದೇ." ಪಿಕಪ್ಪಿನ ಹಿಂದಿನಿಂದ ಒಬ್ಬ ಎದ್ದು ನಿಂತ. ತಲೆಯಿಂದ ಕಾಲಿನವರೆಗೆ ಕೆಂಪು ಧೂಳು. ಬೆಳ್ಳಗೆ ಕಂಡದ್ದು ಹಲ್ಲು ಮಾತ್ರ, ಅದೂ ಅವನು ನಗುತ್ತಿದ್ದುದರಿಂದ.

"ನಗುದು ಎಂತಕ್ಕೆ? ಸಭಾಭವನ ಅಲ್ಲಿ ಮೇಲೆ ಉಂಟು. ಇದು ಮನೆ."

"ಸೆಕ್ರೆಟರಿ ಹತ್ರ ಕೇಳಿ ಇಳಿಸು ಅಂತ ಹೇಳಿದ್ರು. ಅವರ ಮನೆ ಇದೇ ಅಂತೆ. ಅವರು ಇರ್ಲಿಲ್ಲ. ಇಳಿಸಿದೆ."

"ಸೆಕ್ರೆಟರಿ ನಾನೇ."

"ಹಾಗಾದ್ರೆ ಈಗ ಕೇಳ್ತೇನೆ. ಎಲ್ಲಿ ಇಳಿಸುದು?"

ಕೋಪ ಬರಬೇಕಾದಲ್ಲಿ ಭವಿತಾಳಿಗೆ ನಗು ಬಂತು. ಅದು ಕಾಣಬಾರದೆಂದು ಹೆಲ್ಮೆಟ್ ತೆಗೆಯದೆ ನಿಂತಳು. ಆತ ಇನ್ನೂರು ಕಲ್ಲನ್ನೂ ಮತ್ತೆ ಹೇರಿ ನಾಲ್ಕೈದು ಟ್ರಿಪ್ಪಿನಲ್ಲಿ ಮೇಲೆ ಸಾಗಿಸಿದ. ಹೊರಡುವ ಮೊದಲು ಗೇಟಿನ ಎದುರಿನ ಕಲ್ಲುಪುಡಿಯನ್ನು ಯಾರೂ ಹೇಳದೆಯೇ ಗುಡಿಸಿದ. ಹೆಸರು ಮೋಕ್ಷಿತ್, ಊರು ಅರಂತೋಡು, ಪಿಕಪ್ ಸ್ವಂತದ್ದು, ಮದುವೆ ಆಗಿಲ್ಲ: ಇಷ್ಟನ್ನೂ ಭವಿತಾಳ ಅವ್ವ ನೀಲಾವತಿ ಒಂದು ಲೋಟ ಮಜ್ಜಿಗೆ ಕೊಟ್ಟು ತಿಳಿದುಕೊಂಡಳು.

ಕಡಬದ ಹತ್ತಿರದ ಈ ಕಾಲನಿಯಲ್ಲಿ ಇಪ್ಪತ್ತನಾಲ್ಕು ಮನೆ. ನೆರೆಗೆ ಮನೆ ಕಳಕೊಂಡವರು, ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಪಾತ್ರೆ ಹೊತ್ತು ಸಾಕಾದವರು ಇಲ್ಲಿ ಸೇರಿದ್ದರು. ಕಟ್ಟಿಸಿಕೊಟ್ಟದ್ದು ಸರ್ಕಾರ, ನಡೆಸುವುದು ಇವರೇ. ನೀರಿನ ಪಾಳಿ, ಬೀದಿದೀಪ, ಕಸ, ಜಗಳ ಎಲ್ಲವೂ ತಿಂಗಳ ಸಭೆಯಲ್ಲೇ ತೀರ್ಮಾನವಾಗಬೇಕು. ಹೊಸಬರು ಯಾರೇ ವಾಸಕ್ಕೆ ಬರಲಿ, ಮೊದಲು ಹನ್ನೆರಡು ಭಾನುವಾರ ಶ್ರಮದಾನ ಮಾಡಬೇಕು, ಆಮೇಲೆ ಸಭೆಗೆ ಅರ್ಜಿ ಕೊಡಬೇಕು. ಕೆಲಸ ಮಾಡುವಾಗ ಮನುಷ್ಯನ ಗುಣ ಗೊತ್ತಾಗುತ್ತದೆ ಎಂಬುದು ಇವರ ನಂಬಿಕೆ.

ಇನ್ನೊಂದು ನಿಯಮ ಭವಿತಾಳೇ ಬರೆದದ್ದು. ಮನೆ ಯಾರ ಹೆಸರಿನಲ್ಲಿದೆಯೋ ಅವರೇ ವಾಸವಿರಬೇಕು, ಹೆಸರು ಬದಲಿಸುವಂತಿಲ್ಲ. ಬಿಟ್ಟು ಹೋದರೆ ಆ ಮನೆ, ಕಾಯುತ್ತಿರುವವರ ಪಟ್ಟಿಯಲ್ಲಿ ಮುಂದಿನವರಿಗೆ. ಮನೆ ಪಡೆದು ಬಾಡಿಗೆಗೆ ಕೊಡುವವರನ್ನು ತಡೆಯಲು ಅವಳು ಹಟ ಹಿಡಿದು ಮಾಡಿಸಿದ್ದಳು. ಮಾಡಿದ್ದುಣ್ಣೋ ಮಹರಾಯ ಎನ್ನುವ ಹಾಗೆ ಅದು ಈಗ ಅವಳ ಕಾಲಿಗೇ ಸುತ್ತಿಕೊಂಡಿತ್ತು. ಒಂಬತ್ತನೇ ಮನೆ ಇದ್ದದ್ದು ಅವಳ ಹೆಸರಿನಲ್ಲಿ. ಮದುವೆಯಾಗಿ ಗಂಡನ ಮನೆಗೆ ಹೋದರೆ ಏಳು ಬಾಡಿಗೆ ಮನೆ ಕಂಡ ಅವ್ವ ಎಂಟನೆಯದನ್ನು ಹುಡುಕಬೇಕು. ಮಗಳ ಗಂಡನ ಮನೆಯಲ್ಲಿ ಹೋಗಿ ಕೂರುವ ಹೆಂಗಸಲ್ಲ ನೀಲಾವತಿ. ಸುಳ್ಯದ ಕಡೆಯಿಂದ ಬಂದ ಎರಡು ಸಂಬಂಧವನ್ನು ಭವಿತಾ ಹೀಗೇ ವಾಪಸು ಕಳಿಸಿದ್ದಳು. ಇಪ್ಪತ್ತೊಂಬತ್ತಾಯಿತು, ಮದುವೆಯ ಮಾತು ಮುಗಿಯಿತು ಎಂದೇ ಅಂದುಕೊಂಡಿದ್ದಳು.

ಮುಂದಿನ ಭಾನುವಾರ ಮೋಕ್ಷಿತ್ ಖಾಲಿ ಕೈಯಲ್ಲಿ ಬಂದ.

"ಇವತ್ತು ಕಲ್ಲಿಲ್ವಾ?" ಭವಿತಾ ಹಾಜರಿ ಪುಸ್ತಕದಿಂದ ತಲೆ ಎತ್ತಿದಳು.

"ಇಲ್ಲ. ನಾನೊಬ್ಬನೇ. ಹೆಸರು ಬರೀರಿ."

"ಎಂತಕ್ಕೆ?"

"ಕೆಲಸಕ್ಕೆ. ಕಲ್ಲು ಕೊಟ್ಟು ಹೋದ್ರೆ ಆಯ್ತಾ? ಗೋಡೆ ನೆಟ್ಟಗೆ ಏಳ್ತದಾ ನೋಡ್ಬೇಕಲ್ಲ."

ಹೀಗೆ ಶುರುವಾಯಿತು. ಒಂದು, ಎರಡು, ನಾಲ್ಕು ಭಾನುವಾರ. ಅವನು ಗೋಡೆ ಕಟ್ಟುವಾಗ ನೂಲು ಹಿಡಿಯುವ ಕೆಲಸ ಅದು ಹೇಗೋ ಯಾವಾಗಲೂ ಭವಿತಾಳಿಗೇ ಬರುತ್ತಿತ್ತು. ಈ ತುದಿಯಲ್ಲಿ ಅವಳು, ಆ ತುದಿಯಲ್ಲಿ ಅವನು. ನೂಲು ಸರಿಯಾಗಿದೆಯೇ ಎಂದು ಅವನು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ನೋಡುತ್ತಿದ್ದದ್ದು ನೂಲನ್ನೋ ಅದರಾಚೆಗಿನ ಮುಖವನ್ನೋ ಎಂದು ಅವಳಿಗೆ ಮೊದಲು ಅನುಮಾನವಿತ್ತು. ಐದನೇ ಭಾನುವಾರದ ಹೊತ್ತಿಗೆ ಅನುಮಾನ ಉಳಿಯಲಿಲ್ಲ.

"ನೂಲು ಬಿಗಿ ಹಿಡೀರಿ ಸೆಕ್ರೆಟರಿ, ಗೋಡೆ ವಾಲ್ತದೆ."

"ನೀವು ಎರಡೂ ಕಣ್ಣು ಬಿಟ್ಟು ಕಟ್ಟಿ. ಆಗ ವಾಲುದಿಲ್ಲ."

"ಎರಡೂ ಬಿಟ್ರೆ ಕೆಲಸ ಆಗ್ಲಿಕ್ಕಿಲ್ಲ ಮಾರಾಯ್ರೆ."

ಅವಳು ತಲೆ ತಗ್ಗಿಸಿದಳು. ಕಿವಿ ಬಿಸಿಯಾಗಿದ್ದಕ್ಕೆ ಬಿಸಿಲನ್ನು ಬೈದುಕೊಂಡಳು. ಆರನೇ ಭಾನುವಾರ ಅವಳು ಹೊಸ ಚೂಡಿದಾರ ಹಾಕಿ ಮಣ್ಣಿನ ಕೆಲಸಕ್ಕೆ ಹೊರಟಾಗ ಅವ್ವ ಮೇಲಿಂದ ಕೆಳಗೆ ನೋಡಿ, "ಹಳೇದೆಲ್ಲ ಹರಿದು ಹೋಯ್ತಾ?" ಎಂದು ಕೇಳಿದಳು. ಏಳನೆಯ ಭಾನುವಾರ ಅವನು ಬರುವುದು ಅರ್ಧ ಗಂಟೆ ತಡವಾಯಿತು. ಆ ಅರ್ಧ ಗಂಟೆಯಲ್ಲಿ ಭವಿತಾ ರಸ್ತೆಯ ತಿರುವನ್ನು ಎಷ್ಟು ಸಲ ನೋಡಿದಳೋ ಅವಳಿಗೇ ಗೊತ್ತಿಲ್ಲ. ಇಷ್ಟವಾಗಿಬಿಟ್ಟಿದ್ದಾನೆ ಎಂದು ಆ ದಿನ ಒಪ್ಪಿಕೊಂಡಳು. ಒಪ್ಪಿಕೊಂಡ ಬೆನ್ನಿಗೇ ಅವ್ವನ ಮುಖ ಕಣ್ಣೆದುರು ಬಂತು. ಇವನ ಹಿಂದೆ ಅರಂತೋಡಿಗೆ ಹೋದರೆ ಈ ಮನೆ ಹೋಯಿತು.

ಹತ್ತನೇ ಭಾನುವಾರ ಸಮಿತಿಯ ಅಧ್ಯಕ್ಷ, ರಿಕ್ಷಾ ಓಡಿಸುವ ಹಕೀಮಣ್ಣ ಚಹಾ ಕುಡಿಯುತ್ತ ಒಂದು ಮಾತು ಹೇಳಿದ.

"ನಮ್ಮ ಹುಡುಗ ಗಟ್ಟಿಗ ಮಾರಾಯ್ತಿ. ಹನ್ನೆರಡು ಭಾನುವಾರ ಮುಗಿದ್ರೆ ಅರ್ಜಿ ಹೇಗೆ ಕೊಡುದು ಅಂತ ಕೇಳಿದ. ಹದಿನೇಳನೇ ಮನೆ ಖಾಲಿ ಉಂಟಲ್ಲ, ಅದರ ಮೇಲೆ ಕಣ್ಣಿರ್ಬೇಕು."

ಭವಿತಾ ಹಾಜರಿ ಪುಸ್ತಕ ಮುಚ್ಚಿದಳು. ಹದಿನೇಳನೆಯದು ಝುಲೈಖಾಳಿಗೆ ಸಿಗಬೇಕಾದ ಮನೆ. ಗಂಡ ತೀರಿಕೊಂಡ ಮೇಲೆ ಉಪ್ಪಿನಂಗಡಿಯ ಒಂದು ಕೋಣೆಯಲ್ಲಿ ಮಗಳ ಜೊತೆ ಇದ್ದ ಝುಲೈಖಾ ಬಸ್ಸು ಹತ್ತಿ ಬಂದು, ಒಂದು ಭಾನುವಾರವೂ ತಪ್ಪಿಸದೆ ಮಣ್ಣು ಹೊತ್ತಿದ್ದಳು. ಅರಂತೋಡಿನಲ್ಲಿ ಅಣ್ಣನ ಜೊತೆ ತೋಟ, ಮನೆ, ಮೇಲೆ ಸ್ವಂತ ಪಿಕಪ್ ಇರುವ ಗಂಡಸು ಅದಕ್ಕೆ ಕೈ ಹಾಕುವುದೇ? ಅದಕ್ಕಿಂತ ಹೆಚ್ಚು ನೋಯಿಸಿದ್ದು ಇನ್ನೊಂದು. ಅವನು ತನಗಾಗಿ ಬರುತ್ತಿದ್ದಾನೆ ಎಂದು ನಂಬಿ ಹೊಸ ಚೂಡಿದಾರ ಹಾಕಿದ್ದಳಲ್ಲ, ಆ ನಾಚಿಕೆ.

ಹನ್ನೊಂದನೇ ಭಾನುವಾರ ಅವಳು ನೂಲು ಹಿಡಿಯಲಿಲ್ಲ.

"ಸೆಕ್ರೆಟರಿಗೆ ಹುಷಾರಿಲ್ವಾ?" ಮೋಕ್ಷಿತ್ ಕೇಳಿದ.

"ಸೆಕ್ರೆಟರಿಗೆ ಬೇರೆ ಕೆಲಸ ಉಂಟು."

"ನಾನು ಎಂತಾದ್ರೂ ತಪ್ಪು ಮಾಡಿದ್ನಾ?"

"ಅರ್ಜಿ ಬರ್ಲಿ. ಆಗ ಗೊತ್ತಾಗ್ತದೆ."

ಅವನ ಮುಖ ಸಪ್ಪಗಾಯಿತು. ನೂಲಿನ ಇನ್ನೊಂದು ತುದಿಯನ್ನು ಕಲ್ಲಿಗೆ ಕಟ್ಟಿ ಒಬ್ಬನೇ ಗೋಡೆ ಕಟ್ಟಿದ. ಹನ್ನೆರಡನೆಯ ಭಾನುವಾರದ ಹಿಂದಿನ ಸಂಜೆ ಅವನು ಅರಂತೋಡಿನಿಂದ ಅಷ್ಟು ದೂರ ಬಂದು, ಅವಳ ಕೈಗೇ ಮಡಚಿದ ಕಾಗದ ಕೊಟ್ಟ. "ಸಭೆಗೆ ಮುಂಚೆ ಒಮ್ಮೆ ಓದಿ. ನೀವೇ ಓದಿ," ಎಂದು ಹೇಳಿ ಹೋದ. ಭವಿತಾ ಅದನ್ನು ತೆರೆಯಲೇ ಇಲ್ಲ. ಓದುವುದು ಏನಿದೆ, ಹದಿನೇಳು ಎಂದು ಬರೆದಿರುತ್ತಾನೆ. ಸಭೆಯಲ್ಲಿ ಹೇಗೆ ವಿರೋಧಿಸಬೇಕು ಎಂಬುದನ್ನೇ ಯೋಚಿಸುತ್ತ ಮಲಗಿದಳು.

ಮರುದಿನ ಬೆಳಗಿನ ಕೆಲಸ ಮುಗಿದ ಮೇಲೆ, ಇನ್ನೂ ಛಾವಣಿ ಬಾರದ ಸಭಾಭವನದಲ್ಲಿ ಎಲ್ಲರೂ ಕೂತರು. ಮೋಕ್ಷಿತ್ ತಾನೇ ಕಟ್ಟಿದ ಗೋಡೆಗೆ ಒರಗಿ ನಿಂತಿದ್ದ. ಭವಿತಾ ಕಾಗದ ಬಿಡಿಸಿ, ಗಂಟಲು ಸರಿಮಾಡಿಕೊಂಡು ಓದಿದಳು.

"ಅರ್ಜಿದಾರರ ಹೆಸರು, ಮೋಕ್ಷಿತ್. ವಯಸ್ಸು ಮೂವತ್ತೊಂದು. ಕೆಲಸ, ಕಲ್ಲಿನ ವ್ಯಾಪಾರ. ವಾಸಕ್ಕೆ ಕೇಳುವ ಮನೆಯ ನಂಬರ್..."

ಅಲ್ಲಿಗೆ ನಿಂತಳು.

ಮೋಕ್ಷಿತ್ ಗೋಡೆ ಬಿಟ್ಟು ನೆಟ್ಟಗಾದ. "ನಿನ್ನೆ ಓದ್ಲಿಲ್ವಾ?" ಎಂದ.

ಕಾಗದದ ಹಿಂಬದಿಯಲ್ಲೂ ಬರೆದಿತ್ತು. ಅದನ್ನು ಅವಳು ಮನಸ್ಸಿನಲ್ಲೇ ಓದಿದಳು. 'ನಿಮ್ಮ ಅವ್ವ ಏಳು ಮನೆ ಬದಲಿಸಿದ್ದನ್ನು ಹೇಳಿದ್ದಾರೆ. ನೀವು ಮನೆ ಬಿಟ್ಟು ಬರುವುದು ಬೇಡ. ನಾನೇ ಬರುತ್ತೇನೆ. ಇಷ್ಟ ಇಲ್ಲದಿದ್ದರೆ ಇದನ್ನು ಒಲೆಗೆ ಹಾಕಿ, ಯಾರಿಗೂ ಗೊತ್ತಾಗುವುದಿಲ್ಲ. ಭವನದ ಕೆಲಸ ಮುಗಿಯುವವರೆಗೆ ಬಂದು ಹೋಗುತ್ತೇನೆ, ಅಷ್ಟೇ.'

ಅಕ್ಷರ ಮಂಜಾಯಿತು. ಹನ್ನೆರಡು ಭಾನುವಾರ ಈ ಮನುಷ್ಯ ಬಂದದ್ದು ತನ್ನ ಮನೆಯನ್ನು ಕಸಿಯದೆ ತನ್ನನ್ನು ಕೇಳುವ ದಾರಿ ಹುಡುಕಿ. ತಾನು ಅವನನ್ನು ಎಂಥವನೆಂದುಕೊಂಡೆ ಎಂದು ಅವಳಿಗೆ ಅಳು ಬಂತು.

"ಎಂತ ಸೆಕ್ರೆಟರಿ, ನಂಬರ್ ಬರೀಲಿಲ್ವಾ?" ಹಕೀಮಣ್ಣ ಕೇಳಿದ.

"ಬರ್ದಿದ್ದಾರೆ. ಸ್ವಲ್ಪ ತಡೀರಿ." ಅವಳು ಮೋಕ್ಷಿತನ ಕಡೆ ತಿರುಗಿದಳು. "ನಿಮ್ಮ ಮನೆಯವರು ಎಂತ ಹೇಳ್ತಾರೆ? ಮನೆ ಅಳಿಯ ಅಂತ ಊರಿಡೀ ನಗಾಡ್ತದೆ."

"ಅಣ್ಣ ಒಂದು ವಾರ ಮಾತಾಡ್ಲಿಲ್ಲ. ಆಮೇಲೆ, ಗೋಡೆ ಎಷ್ಟು ಎತ್ತರ ಆಯ್ತು ಅಂತ ಕೇಳಿದ. ಊರಿನವರು ನಗಾಡ್ಲಿ. ನಾನು ನಾಲ್ಕು ದಿನ ಕೇಳಿಸ್ಕೊಳ್ತೇನೆ."

ಅಷ್ಟರಲ್ಲಿ ಸಭೆಗೆ ಅರ್ಥವಾಗಿತ್ತು. ಮುಂದಿನ ಸಾಲಿನಲ್ಲಿದ್ದ ಝುಲೈಖಾ ಸೆರಗು ಬಾಯಿಗೆ ಅಡ್ಡ ಹಿಡಿದಳು. ಹಿಂದಿನ ಸಾಲಿನಲ್ಲಿ ಯಾರೋ "ಒಂಬತ್ತು, ಒಂಬತ್ತು" ಎಂದು ಪಿಸುಗುಟ್ಟಿದರು. ನೀಲಾವತಿ ನೆಲ ನೋಡುತ್ತ ಕೂತಿದ್ದಳು. ಮಜ್ಜಿಗೆ ಕೊಟ್ಟ ದಿನದಿಂದ ಎಲ್ಲ ತಿಳಿದವಳ ಹಾಗಿತ್ತು ಅವಳ ಮುಖ. ಒಪ್ಪಿಗೆ ಕೊಡಲು ನಾಲ್ಕೈದು ಕೈ ಆಗಲೇ ಮೇಲೆದ್ದವು.

"ಕೈ ಇಳಿಸಿ ಎಲ್ಲ," ಹಕೀಮಣ್ಣ ಗದರಿಸಿದ. "ಇದಕ್ಕೆ ಊರಿನ ಓಟು ಬೇಡ. ಒಂದೇ ಮನೆಯದ್ದು ಬೇಕಾದ್ದು. ಅದೂ ಒತ್ತಾಯ ಇಲ್ಲ. ಆಗುದಿಲ್ಲ ಅಂತ ಆದ್ರೆ ಕಾಗದ ಮಡಚಿ ಕೊಟ್ರೆ ಆಯ್ತು, ಯಾರೂ ಕೇಳ್ಲಿಕ್ಕಿಲ್ಲ."

ಎಲ್ಲರ ಕೈ ಮಡಿಲಿಗೆ ಹೋಯಿತು. ಭವಿತಾ ಕಾಗದವನ್ನು ಪುಸ್ತಕದೊಳಗಿಟ್ಟು, ಪುಸ್ತಕವನ್ನು ಕುರ್ಚಿಯ ಮೇಲಿಟ್ಟಳು. ಮೋಕ್ಷಿತ್ ಈಗ ಎರಡೂ ಕಣ್ಣು ಬಿಟ್ಟು ನೋಡುತ್ತಿದ್ದ. ಅವಳು ಅವನನ್ನೇ ನೋಡುತ್ತ ಬಲಗೈ ಎತ್ತಿದಳು.

ಭವನದಲ್ಲಿ ಎದ್ದ ಗದ್ದಲ ಅಡಗಲು ಸುಮಾರು ಹೊತ್ತು ಹಿಡಿಯಿತು. ಮೋಕ್ಷಿತ್ ಮಾತ್ರ ಅಲ್ಲಾಡದೆ ನಿಂತೇ ಇದ್ದ. ಕೊನೆಗೆ ಅವಳೇ ಹೇಳಬೇಕಾಯಿತು.

"ಕೂತ್ಕೊಳ್ಳಿ ಮಾರಾಯ್ರೆ. ನೀವು ಈಗ ಇಲ್ಲಿಯವರು. ಝುಲೈಖಕ್ಕನ ಅರ್ಜಿ ಉಂಟು, ಅದಕ್ಕೆ ನೀವೂ ಕೈ ಎತ್ಬೇಕು."